ಹದಿನೈದು ಪರ್ಸೆಂಟ್ ದೇವಿ

ತಿಳಿಯದ ಮಾತಿಗೆ ತಲೆಯಾಡಿಸುವ ವಿದ್ಯೆಯಲ್ಲಿ ಕಟಿಂಗ್ ಮಾಸ್ಟರ್ ಶಿವಯೋಗಿಯನ್ನು ಮೀರಿಸುವವರು ಮಾಗಡಿ ರಸ್ತೆಯ ಉದ್ದಕ್ಕೂ ಯಾರೂ ಇರಲಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಅವನ ಮಾಲೀಕರು ತಮಿಳಿನಲ್ಲಿ ಏನು ಹೇಳಿದರೂ ಅವನು ತಲೆಯಾಡಿಸಿ, ಅವರ ಮುಖ ನೋಡಿಕೊಂಡು ತಕ್ಕ ಜಾಗದಲ್ಲಿ ನಗುತ್ತಿದ್ದ. ಒಮ್ಮೆ ಮಾತ್ರ ಅಂದಾಜು ತಪ್ಪಿ, ಮಾಲೀಕರ ಸೋದರಮಾವ ತೀರಿಕೊಂಡ ಸುದ್ದಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ಸೋದರಮಾವನನ್ನು ಕಂಡರೆ ಮಾಲೀಕರಿಗೂ ಆಗುತ್ತಿರಲಿಲ್ಲವಾದ್ದರಿಂದ ಕೆಲಸ ಉಳಿಯಿತು.

ಅವನ ಹೆಂಡತಿ ಗುರುದೇವಿಗೆ ಈ ತಲೆಯಾಟದ ವ್ಯಾಕರಣ ಪೂರ್ತಿ ಗೊತ್ತಿತ್ತು. ವಿಷಯ ತಿಳಿದಿದ್ದರೆ ಶಿವಯೋಗಿ ಒಂದು ಸಲ ತಲೆಯಾಡಿಸುತ್ತಿದ್ದ. ತಿಳಿಯದಿದ್ದರೆ ಮೂರು ಸಲ, ಅದೂ ಕಣ್ಣು ಮುಚ್ಚಿಕೊಂಡು. ಆದರೆ ವಿಜಯನಗರದ ಆ ಹಳೇ ಮನೆಯನ್ನು ಬ್ಯಾಂಕಿನ ಎಂಜಿನಿಯರ್ ನೋಡಲು ಬಂದ ದಿನ ಗುರುದೇವಿ ಗಂಡನ ಪಕ್ಕದಲ್ಲಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಕಟ್ಟೆಯ ಮೇಲಿನ ಕಡಪಾ ಕಲ್ಲನ್ನು ಅಂಗೈಯಿಂದ ಬಡಿದು ನೋಡುತ್ತಿದ್ದಳು. ಮುಂದೆ ನಡೆದದ್ದೆಲ್ಲ ಈ ಒಂದು ಗೈರುಹಾಜರಿಯಿಂದ ನಡೆಯಿತು.

ಆ ಕಲ್ಲಿಗಾಗಿಯೇ ಅವಳು ಮನೆಯನ್ನು ಒಪ್ಪಿದ್ದು. ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯಲ್ಲಿ ಅವಳು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಬೆಳಗ್ಗೆ ಮೊದಲ ರೊಟ್ಟಿಗೆ ಕೈ ಹಾಕಿದೊಡನೆ ಕೆಳಗಿನಿಂದ ಓನರ್ ಕೂಗುತ್ತಿದ್ದರು. "ಏನಮ್ಮ, ಮೇಲೆ ಕುದುರೆ ಸಾಕಿದೀರಾ?" ಆಗ ಗುರುದೇವಿ ಕೈ ಹಗುರ ಮಾಡುತ್ತಿದ್ದಳು. ಕೈ ಹಗುರವಾದರೆ ರೊಟ್ಟಿ ದಪ್ಪವಾಗುತ್ತಿತ್ತು. ರೊಟ್ಟಿ ದಪ್ಪವಾದರೆ ಹುನಗುಂದದಲ್ಲಿರುವ ಅವಳ ತವರಿನ ಮರ್ಯಾದೆ ತೆಳ್ಳಗಾಗುತ್ತಿತ್ತು. ಯಾರ ತಲೆಯ ಮೇಲೂ ಅಲ್ಲದ ಜಾಗದಲ್ಲಿ ನಿಂತು, ಜೀವ ತೃಪ್ತಿಯಾಗುವಷ್ಟು ಜೋರಾಗಿ ರೊಟ್ಟಿ ಬಡಿಯಬೇಕು. ಅವಳ ಮನೆಯ ಕನಸು ಇಷ್ಟೇ ಇತ್ತು. ಈ ಮನೆಯ ಕಡಪಾ ಕಲ್ಲು ನಾಲ್ಕು ಬೆರಳು ದಪ್ಪ. ಮೊದಲ ಸಲ ಬಡಿದಾಗಲೇ ಅದು ಅವಳಿಗೆ ಹೂಂ ಅಂದಿತ್ತು. ಮದುವೆಗೆ ಮುಂಚೆ ಶಿವಯೋಗಿ ನೋಡಲು ಬಂದಾಗಲೂ ಅವಳು ಅಷ್ಟು ಬೇಗ ಒಪ್ಪಿರಲಿಲ್ಲ.

ಎಂಜಿನಿಯರ್ ಸಿದ್ಧಾರ್ಥ ಇನ್ನೂ ಎಳೆಯ ಹುಡುಗ. ಮಂಜೂರಾದ ನಕ್ಷೆಯನ್ನು ಬಿಚ್ಚಿಕೊಂಡು, ಕೆಂಪು ಚುಕ್ಕೆ ಬಿಡುವ ಅಳತೆಯ ಯಂತ್ರ ಹಿಡಿದು ಮನೆಯ ಸುತ್ತ ಬಂದ. ಹಿತ್ತಲಲ್ಲಿ ಕಾಂಪೌಂಡಿಗೂ ಮನೆಗೂ ನಡುವೆ ಶೀಟು ಹೊದಿಸಿ ಕಟ್ಟಿದ್ದ ಶೆಡ್ಡಿನ ಮುಂದೆ ನಿಂತ. ಅದರೊಳಗೆ ಮನೆ ಮಾರುತ್ತಿದ್ದ ಉಗ್ರಪ್ಪನವರ ಹಳೇ ಸ್ಕೂಟರು, ಮುರಿದ ಕೊಡೆಗಳು, ಸಂಸಾರವೊಂದು ಮೂವತ್ತು ವರ್ಷ ಎಸೆಯಲಾರದೆ ಇಟ್ಟುಕೊಂಡ ಸಮಸ್ತವೂ ಇತ್ತು.

"ಇದೊಂದು ವಿಚಿತ್ರ ನೋಡಿ ಸಾರ್," ಎಂದ ಸಿದ್ಧಾರ್ಥ. "ಅಡುಗೆಮನೆ ಕಲ್ಲು ಗೋಡೆ ದಾಟಿ ಶೆಡ್ಡೊಳಗೆ ಬಂದು ಇಲ್ಲಿ ಶೆಲ್ಫ್ ಆಗಿದೆ. ಒಳಗೆ ಮೆಣಸು ಕುಟ್ಟಿದ್ರೆ ಇಲ್ಲಿರೋ ಡಬ್ಬ ಎಲ್ಲ ಕುಣೀತವೆ."

ಅಡುಗೆಮನೆಯ ಕಿಟಕಿಯಿಂದ ಈ ಮಾತು ಗುರುದೇವಿಗೆ ಕೇಳಿಸಿತು. ಆಮೇಲೆ ಅವಳು ಕಪಾಟು ನೋಡಲು ಆಚೆ ಸರಿದಳು. ಅಷ್ಟರಲ್ಲಿ ಸಿದ್ಧಾರ್ಥ ಮುಖ್ಯವಾದ ಮಾತು ಹೇಳಿದ.

"ಹಿಂದುಗಡೆ ಡೀವಿಯೇಷನ್ನಿದೆ ಸಾರ್."

ಶಿವಯೋಗಿ ಕಣ್ಣು ಮುಚ್ಚಿ ಮೂರು ಸಲ ತಲೆಯಾಡಿಸಿದ. "ನನಗೂ ಒಳಗ ಬಂದ ಕೂಡ್ಲೆ ಅನಿಸ್ತ್ರಿ."

"ಹದಿನೈದು ಪರ್ಸೆಂಟ್ ಬರುತ್ತೆ. ರಿಪೋರ್ಟಲ್ಲಿ ಬರೀಬೇಕಾಗುತ್ತೆ."

"ಬರೀರಿ, ಬರೀರಿ. ಧಾರಾಳ ಬರೀರಿ," ಎಂದ ಶಿವಯೋಗಿ, ಮನೆಗೆ ಬಹುಮಾನ ಬಂದಿತೆಂಬಂತೆ.

ಎಂಜಿನಿಯರ್ ಹೊರಟುಹೋದ. ನಡುಮನೆಯಲ್ಲಿ ಉಗ್ರಪ್ಪನವರ ಹೆಂಡತಿ ನೀಲಮ್ಮನವರ ಜೊತೆ ಕಾಫಿ ಕುಡಿಯುತ್ತಿದ್ದ ಶಿವಯೋಗಿಯ ತಾಯಿ ಹಾಲವ್ವ ಮಗನನ್ನು ಕರೆದಳು. ಹಾಲವ್ವನಿಗೆ ಕಿವಿ ಮಂದ. ಎಲ್ಲರೂ ಹಾಗೆ ಹೇಳುತ್ತಿದ್ದರು. ಅವಳು ಮಾತ್ರ ಬೆಂಗಳೂರಿನವರು ಬಾಯೊಳಗೇ ಮಾತಾಡುತ್ತಾರೆ ಎನ್ನುತ್ತಿದ್ದಳು.

"ಏನಂದ್ರೋ ಶಿವ್ಯಾ, ಸಾಹೇಬ್ರು?"

ಶಿವಯೋಗಿ ಗಂಟಲು ಸರಿಮಾಡಿಕೊಂಡು, ಅದೇ ಗತ್ತಿನಲ್ಲಿ ಹೇಳಿದ. "ಹಿಂದುಗಡೆ ಡೀವಿಯೇಷನ್ನಿದೆ ಅಂದ್ರು."

ಹಾಲವ್ವನ ಕೈಯ ಲೋಟ ಗಾಳಿಯಲ್ಲೇ ನಿಂತಿತು. "ಏನು, ಹಿಂದುಗಡೆ ದೇವಿಯ ಸನ್ನಿಧಿ?"

ಲೋಕದಲ್ಲಿ ಸರಿದಾರಿಗೆ ಹೊರಳುವ ಅವಕಾಶ ಎಲ್ಲರಿಗೂ ಒಮ್ಮೆ ಬರುತ್ತದೆ. ಶಿವಯೋಗಿಗೆ ಬಂದದ್ದು ಆಗ. ಅವನು ಯೋಚಿಸಿದ. ಡೀವಿಯೇಷನ್ ಎಂದರೆ ಏನೆಂದು ಅವನಿಗೇ ಗೊತ್ತಿರಲಿಲ್ಲ. ತಾಯಿ ಹೇಳಿದ್ದು ಅದಕ್ಕಿಂತ ಸ್ಪಷ್ಟವಾಗಿತ್ತು. ಅವನು ಕಣ್ಣು ಮುಚ್ಚಿ ಮೂರು ಸಲ ತಲೆಯಾಡಿಸಿದ.

"ಎಷ್ಟ್ ಐತಂತ?"

"ಹದಿನೈದು ಪರ್ಸೆಂಟಂತ."

ಹಾಲವ್ವನಿಗೆ ಆಶ್ಚರ್ಯವಾಗಲಿಲ್ಲ. "ಇರಬೇಕ ಮತ್ತ. ಉಳಿದದ್ದು ಮೂಲಸ್ಥಾನದಾಗ ಇರತೈತಿ. ಪೂರ್ತಿ ಎದ್ದು ಬಂದುಬಿಟ್ರ ಅಲ್ಲಿ ಜಾತ್ರಿ ಹೆಂಗ ನಡೀಬೇಕು?"

ಹಾಗೆಂದವಳೇ ಸೆರಗು ಬಿಗಿದುಕೊಂಡು ಶೆಡ್ಡಿಗೆ ನಡೆದಳು. ಸ್ಕೂಟರಿನ ಹಿಂದೆ, ಗೋಡೆಯಿಂದ ಹೊರಬಂದ ಕಲ್ಲಿನ ಕೆಳಗೆ, ಧೂಳಿನಲ್ಲಿ ಕಪ್ಪಗೆ ನುಣ್ಣಗೆ ಗುಂಡಗೆ ಒಂದು ಶಿಲೆ ಕೂತಿತ್ತು. ಹಾಲವ್ವ ಅದನ್ನು ಎತ್ತಿಸಿ ಕಲ್ಲಿನ ಶೆಲ್ಫಿನ ಮೇಲೆ ಇರಿಸಿದಳು, ನೀರೆರೆದಳು, ಅರಿಸಿನ ಹಚ್ಚಿ ಕುಂಕುಮ ಇಟ್ಟಳು. ನೀಲಮ್ಮ ಹತ್ತಿರ ಬಂದು ಬಗ್ಗಿ ನೋಡಿದರು.

"ಇದು ನಮ್ಮತ್ತೆ ದೋಸೆ ಹಿಟ್ಟು ರುಬ್ತಿದ್ದ ಗುಂಡು ಅಲ್ವಾ?"

ಅಷ್ಟು ಹೊತ್ತಿಗೆ ಎದುರುಮನೆಯ ಗಂಗಲಕ್ಷ್ಮಮ್ಮ ಬಂದಿದ್ದರು. ಬೀದಿಯಲ್ಲಿ ಹಾಲಿನವನು ತಡವಾಗಿ ಬಂದರೂ ಅದರ ಹಿಂದಿನ ಕಾರಣ ತಿಳಿದಿರುತ್ತಿದ್ದ ಹೆಂಗಸು ಅವರು. "ಅದಕ್ಕೇ ಕಣ್ರೀ ನೀಲಮ್ಮ," ಎಂದರು ಕೈ ಮುಗಿದು, "ನಿಮ್ಮತ್ತೆ ದೋಸೆ ಹಂಗಿರ್ತಿತ್ತು. ನಾನು ಆಗಲೇ ಅಂದ್ಕೊಂಡಿದ್ದೆ, ಇದು ಮನುಷ್ಯರ ಕೈರುಚಿ ಅಲ್ಲ ಅಂತ."

ವಾದ ಅಲ್ಲಿಗೆ ಮುಗಿಯಿತು.

ಗಂಗಲಕ್ಷ್ಮಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು. ಬ್ಯಾಂಕಿನವರು ಮಿಷನ್ ತಂದು ಅಳೆದು ನೋಡಿ ದೇವಿ ಇರುವುದನ್ನು ಕಂಡುಹಿಡಿದಿದ್ದಾರೆ, ಪರ್ಸೆಂಟೇಜ್ ಸಮೇತ ರಿಪೋರ್ಟ್ ಬರುತ್ತದೆ, ಎಂಬುದು ಅದರ ಸಾರಾಂಶ. ಮಿಷನ್ ಎಂದಮೇಲೆ ದೇವರನ್ನು ನಂಬದವರೂ ನಂಬಿದರು. ಮರುದಿನದಿಂದ ಹೆಂಗಸರು ತಟ್ಟೆ ಹಿಡಿದು ಬಂದರು. ಶೆಡ್ಡಿನ ಶೀಟಿಗೆ ಮಾವಿನೆಲೆಯ ತೋರಣ ಏರಿತು. ಸ್ಕೂಟರನ್ನು ಹೊರಗೆ ತಳ್ಳಬೇಕೆಂದು ಕೆಲವರೂ, ಅಷ್ಟು ವರ್ಷ ಎದುರಿಗೆ ನಿಂತಿದ್ದರಿಂದ ಅದೇ ವಾಹನವೆಂದು ಕೆಲವರೂ ವಾದಿಸಿದರು. ಕೊನೆಗೆ ಸ್ಕೂಟರಿಗೂ ಒಂದು ಮೊಳ ಸೇವಂತಿಗೆ ಬಿತ್ತು.

ಮನೆ ಕೊಳ್ಳುವವರು ಎಂಬ ಸಲುಗೆಯಿಂದ ಹಾಲವ್ವ ದಿನವೂ ಬಂದು ಶೆಡ್ಡಿನಲ್ಲಿ ಕೂತಳು. ಅತ್ತೆಯ ಕಾವಲಿಗೆ ಗುರುದೇವಿಯೂ ಬಂದಳು. ಎಲ್ಲರ ನಡುವೆ ಶಿವಯೋಗಿ ಸುಳಿದಾಡುತ್ತಿದ್ದ. ಯಾರೋ ಅವನಿಗೆ ಶಾಲು ಹೊದಿಸಿದ್ದರು. ಯಾರು, ಯಾಕೆ ಎಂದು ಅವನೂ ಕೇಳಲಿಲ್ಲ.

ಬುಧವಾರ ಸಂಜೆ ಸಿದ್ಧಾರ್ಥನ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಶಿವಯೋಗಿ ಸ್ಪೀಕರಿಗೆ ಹಾಕಿದ. ಹೆಂಗಸರು ಭಜನೆ ನಿಲ್ಲಿಸಿದರು.

"ಸಾರ್, ಹಿಂದುಗಡೆ ಇರೋ ಡೀವಿಯೇಷನ್ ತೆಗೆಸಿಬಿಡಿ. ತೆಗೆದಿರೋ ಫೋಟೋ ಕಳಿಸಿದ್ರೆ ಲೋನ್ ಪಾಸಾಗುತ್ತೆ. ಇಲ್ಲಾಂದ್ರೆ ಕಷ್ಟ."

ಗಂಗಲಕ್ಷ್ಮಮ್ಮ ಮುಂದೆ ಬಾಗಿದರು. "ತೆಗೀಬೇಕಾ? ಏನಪ್ಪ ಹಿಂಗಂತೀಯ, ಇಷ್ಟು ವರ್ಷದಿಂದ ಇರೋದನ್ನ?"

"ಎಷ್ಟು ವರ್ಷ ಆಗಿದ್ರೂ ತೆಗೀಲೇಬೇಕು ಮೇಡಂ. ದೊಡ್ಡ ಕೆಲಸ ಏನಲ್ಲ. ಹಾರೆ ತಗೊಂಡು ಇಬ್ರು ಬಂದ್ರೆ ಮಧ್ಯಾಹ್ನದೊಳಗೆ ಎತ್ತಿ ಬಿಸಾಕ್ತಾರೆ."

"ಬಿಸಾಕ್ತಾರಂತೆ," ಎಂದು ಗಂಗಲಕ್ಷ್ಮಮ್ಮ ಹಿಂದೆ ಕೂತವರಿಗೆ ತಿಳಿಸಿದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ಮದೊಂದೇ ಅಲ್ಲ. ಆ ಬೀದೀಲಿ ಯಾವ ಮನೆ ಹಿತ್ಲು ನೋಡಿದ್ರೂ ಡೀವಿಯೇಷನ್ನೇ."

ಈ ಕೊನೆಯ ಮಾತಿನ ಪರಿಣಾಮ ವಿಚಿತ್ರವಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬೊಬ್ಬರಾಗಿ, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದರು. ಕತ್ತಲಾಗುವಷ್ಟರಲ್ಲಿ ಬೀದಿಯ ಪ್ರತಿ ಹಿತ್ತಲಿನಲ್ಲೂ ಟಾರ್ಚು ಓಡಾಡುತ್ತಿತ್ತು. "ನಮ್ಮನೇಲಿ ಎರಡಾದ್ರೂ ಇರ್ಬೇಕು ಕಣೇ," ಎಂದು ಗಂಗಲಕ್ಷ್ಮಮ್ಮ ಸೊಸೆಗೆ ಹೇಳಿದ್ದು ರಸ್ತೆಗೆ ಕೇಳಿಸಿತು. "ನಿಮ್ಮಾವ ಮೇಲೂ ಒಂದು ರೂಮ್ ಹಾಕಿಸಿದ್ರಲ್ಲ."

ಆದರೆ ನಿಜವಾದ ಪೆಟ್ಟು ಉಗ್ರಪ್ಪನವರಿಗೆ ಬಿದ್ದಿತ್ತು. ಹೆಸರಿನ ಹೊರತು ಉಗ್ರವಾದದ್ದು ಏನೂ ಇಲ್ಲದ ಮನುಷ್ಯ. ಮಲ್ಲತ್ತಹಳ್ಳಿ ಕೆರೆಯ ಎದುರಿಗೆ ಹೊಸ ಮನೆ ಕಟ್ಟಿಸಿಕೊಂಡು, ಸಂತೋಷದಿಂದ ಇದನ್ನು ಮಾರಲು ಹೊರಟಿದ್ದರು. ಅವರು ಬಾಗಿಲಿಗೆ ಒರಗಿ ನಿಂತು, "ನನ್ನಿಂದ ದೊಡ್ಡ ಪಾಪ ಆಗೋಗಿದೆ," ಎಂದರು. "ಮೂವತ್ತು ವರ್ಷ ಈ ಶೆಡ್ಡಲ್ಲಿ ಕೂತು ದೇವಿ ಮುಖಕ್ಕೆ ಬೀಡಿ ಹೊಗೆ ಬಿಟ್ಟಿದೀನಿ."

"ಬೀಡಿನಾ?" ಎಂದರು ನೀಲಮ್ಮ.

ಉಗ್ರಪ್ಪನವರಿಗೆ ಪಾಪದ ಭಯದಲ್ಲಿ ತಾವು ಮರೆತಿದ್ದ ಸಂಗತಿ ಆಗ ನೆನಪಾಯಿತು. ಸ್ಕೂಟರ್ ರಿಪೇರಿ ಎಂದು ಹೆಂಡತಿಗೆ ಹೇಳಿ ಅವರು ಪ್ರತಿ ರಾತ್ರಿ ಊಟವಾದ ಮೇಲೆ ಶೆಡ್ಡಿಗೆ ಹೋಗುತ್ತಿದ್ದರು.

"ಅದಕ್ಕೇ ಆ ಸ್ಕೂಟರ್ ಇವತ್ತಿಗೂ ಸ್ಟಾರ್ಟ್ ಆಗಲ್ಲ," ಎಂದರು ನೀಲಮ್ಮ. ಆಮೇಲೆ ಗುರುದೇವಿಯ ಕಡೆ ತಿರುಗಿ ಮೆತ್ತಗೆ ಹೇಳಿದರು. "ಬೇಜಾರ್ ಮಾಡ್ಕೋಬೇಡಮ್ಮ. ಮನೆ ಮಾರಬಹುದು, ಮನೆದೇವಿನ ಮಾರಕ್ಕಾಗಲ್ಲ. ನಿಮ್ಮ ಅಡ್ವಾನ್ಸ್ ವಾಪಸ್ ಕೊಡ್ತೀವಿ. ಇವರೂ ಪ್ರಾಯಶ್ಚಿತ್ತ ಮಾಡ್ಕೋಬೇಕಲ್ಲ."

ಗುರುದೇವಿಯ ಕಣ್ಣೆದುರು ನಾಲ್ಕು ಬೆರಳು ದಪ್ಪದ ಕಡಪಾ ಕಲ್ಲು ನೀರಿನ ಮೇಲೆ ತೇಲಿಹೋದಂತಾಯಿತು. ಕಿವಿಯಲ್ಲಿ ಕಾಮಾಕ್ಷಿಪಾಳ್ಯದ ಓನರ್ ಕುದುರೆಯ ಯೋಗಕ್ಷೇಮ ವಿಚಾರಿಸಿದರು. ಅವಳು ಗಂಡನ ಕೈಯಿಂದ ಫೋನ್ ಕಸಿದುಕೊಂಡು ಗೇಟಿನ ಹೊರಗೆ ಹೋಗಿ ಸಿದ್ಧಾರ್ಥನಿಗೆ ಮತ್ತೆ ಕರೆ ಮಾಡಿದಳು. ಇಡೀ ಬೀದಿಯಲ್ಲಿ ಅಲ್ಲಿಯವರೆಗೆ ಯಾರಿಗೂ ಹೊಳೆಯದ ಪ್ರಶ್ನೆಯೊಂದನ್ನು ಕೇಳಿದಳು.

"ಸರ್, ಡೀವಿಯೇಷನ್ ಅಂದ್ರ ಏನ್ರಿ?"

ಸಿದ್ಧಾರ್ಥ ಬಿಡಿಸಿ ಹೇಳಿದ. ಮನೆ ಕಟ್ಟುವಾಗ ಸುತ್ತ ಗಾಳಿ ಬೆಳಕಿಗೆ ಇಷ್ಟು ಜಾಗ ಬಿಡಬೇಕೆಂದು ಕಾನೂನಿದೆ. ನಕ್ಷೆಯಲ್ಲಿ ಬಿಟ್ಟಿದ್ದೇವೆಂದು ತೋರಿಸಿ, ಆಮೇಲೆ ಅಲ್ಲಿ ಶೆಡ್ಡು ಹಾಕಿಕೊಂಡರೆ ಅದು ನಕ್ಷೆ ಬಿಟ್ಟು ನಡೆದಂತೆ. ಅಷ್ಟೇ.

"ಅಂದ್ರ ದೇವಿ ಅಲ್ಲ?"

"ಯಾವ ದೇವಿ ಮೇಡಂ?"

ಗುರುದೇವಿ ಗೇಟು ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಒಳಗೆ ಬಂದು, ಅತ್ತೆಯ ಪಕ್ಕ ಕೂತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. "ಅತ್ತಿ, ಅದು ದೇವಿ ಅಲ್ಲ. ಡೀವಿಯೇಷನ್ ಅಂತ ಇಂಗ್ಲಿಷ್ ಮಾತು."

"ಯಾಕ, ದೇವಿಗೆ ಇಂಗ್ಲಿಷ್ ಬರಬಾರದೇನು?" ಎಂದಳು ಹಾಲವ್ವ. "ಇಷ್ಟು ವರ್ಷ ಬೆಂಗಳೂರಾಗ ಅದಾಳ. ಗಾಡಿಮ್ಯಾಲೆ ಊಟ ತರೂ ನಮ್ಮೂರ ಹುಡುಗ್ರು ಕಲ್ತಾರಂತ, ದೇವಿಗೇನು ಧಾಡಿ?"

ಉಗ್ರಪ್ಪನವರೂ ನೀಲಮ್ಮನವರೂ ಹೌದು ಹೌದೆಂದರು. ಈ ಶೆಡ್ಡಿನಲ್ಲಿ ನಿಜಕ್ಕೆ ಕೂರಲು ಜಾಗವಿಲ್ಲ ಎಂದು ಗುರುದೇವಿಗೆ ಅರ್ಥವಾಯಿತು. ಅವಳು ಒಂದು ಗಳಿಗೆ ಅಡುಗೆಮನೆಯ ಗೋಡೆಯನ್ನೂ, ಅದನ್ನು ದಾಟಿ ಬಂದ ಕಲ್ಲನ್ನೂ, ಕಲ್ಲಿನ ಮೇಲಿನ ದೇವಿಯನ್ನೂ ನೋಡಿದಳು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಹಳ ಭಕ್ತಿಯಿಂದ ಹೇಳಿದಳು.

"ನಾವು ನಾವ ಯಾಕ ಬಡದಾಡೂದು. ಹೂ ಕೇಳೂಣು."

ಹೂ ಕೇಳುವುದೆಂದರೆ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಇಡುವುದು. ಬಲಗಡೆಯ ಹೂ ಬಿದ್ದರೆ ಆಗಬಹುದು. ಎಡಗಡೆಯದು ಬಿದ್ದರೆ ಕೂಡದು. ಪ್ರಶ್ನೆಯನ್ನು ಗಂಗಲಕ್ಷ್ಮಮ್ಮನವರೇ ಸಿದ್ಧಪಡಿಸಿದರು: ತಾಯಿ ಶೆಡ್ಡು ಬಿಟ್ಟು ಒಳಗೆ ದೇವರಕೋಣೆಗೆ ಬರಬೇಕು, ಶೆಡ್ಡು ತೆಗೆಯಬೇಕು, ಮನೆ ಇವರಿಗಾಗಬೇಕು. ಸಮ್ಮತವೋ ಇಲ್ಲವೋ?

ಶುಕ್ರವಾರ ಬೆಳಗ್ಗೆ ಶೆಡ್ಡು ತುಂಬಿ, ಹಿತ್ತಲು ತುಂಬಿ, ಕಾಂಪೌಂಡಿನ ಮೇಲೂ ಜನ ಕೂತರು. ಎಂಜಿನಿಯರ್ ಕೂಡ ಇರಲಿ ಎಂದು ಸಿದ್ಧಾರ್ಥನನ್ನು ಕರೆಸಿದ್ದರು. ಶೆಡ್ಡು ತೆಗೆದಿರಬಹುದೆಂದು ಫೋಟೋ ಹಿಡಿಯಲು ಬಂದವನು, ತನ್ನ ಡೀವಿಯೇಷನ್ನಿಗೆ ಹಸಿರು ರವಿಕೆಕಣ ಉಡಿಸಿರುವುದನ್ನು ನೋಡಿ ಹೊರಗೇ ಶೂ ಬಿಚ್ಚಿಟ್ಟ. ಗಂಗಲಕ್ಷ್ಮಮ್ಮ ಅವನ ಹಣೆಗೆ ಕುಂಕುಮ ಒತ್ತಿ, "ಕಂಡುಹಿಡಿದ ಪುಣ್ಯಾತ್ಮ," ಎಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಗುರುದೇವಿ ಅಡುಗೆಮನೆಯಲ್ಲಿದ್ದಳು. ನೈವೇದ್ಯಕ್ಕೆ ಜೋಳದ ರೊಟ್ಟಿಯೇ ಆಗಬೇಕೆಂದು ಅವಳು ಹಟ ಹಿಡಿದಿದ್ದಳು. ನೀಲಮ್ಮ ಸಂಕೋಚಪಡುತ್ತಲೇ ಒಲೆ ಬಿಟ್ಟುಕೊಟ್ಟಿದ್ದರು.

"ಬಲ ಅಂದ್ರೆ ಯಾರ ಬಲ?" ಎಂದು ಉಗ್ರಪ್ಪ ಕೇಳಿದರು. "ನಮ್ಮದೋ, ದೇವೀದೋ?"

"ದೇವೀದು ಕಣ್ರೀ."

"ಅಮ್ಮನೋರ ಮುಖ ಯಾವ ಕಡೆಗಿದೆ ಅಂತ ಗೊತ್ತಾಗ್ಬೇಕಲ್ಲ. ಗುಂಡಗಿದಾರೆ."

ಕುಂಕುಮ ಇದ್ದ ಕಡೆ ಮುಖವೆಂದು ತೀರ್ಮಾನವಾಯಿತು. ಹಾಲವ್ವ ಒಂದು ಕೈಯನ್ನು ಕಡಪಾ ಕಲ್ಲಿನ ಮೇಲೆ ಊರಿಕೊಂಡು ದೇವಿಯ ಪಕ್ಕ ಕೂತಳು. ಗಂಗಲಕ್ಷ್ಮಮ್ಮ ಪ್ರಶ್ನೆ ಇಟ್ಟರು. ಗಂಟೆ ಬಾರಿಸಿದರು. ಒಳಗಿನಿಂದ ಪಟಪಟ, ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು, ಭಜನೆಗೆ ತಾಳದಂತೆ.

ಎಡಗಡೆಯ ಹೂ ಅಲುಗಿತು.

"ತಾಯಿ," ಎಂದರು ನೀಲಮ್ಮ, ಎದೆಯ ಮೇಲೆ ಕೈಯಿಟ್ಟುಕೊಂಡು. ಕಾಂಪೌಂಡಿನ ಮೇಲಿದ್ದವರು ಎದ್ದುನಿಂತರು. ಎಡಗಡೆಯ ಹೂ ಅರ್ಧ ಜಾರಿ, ಒಂದೇ ಎಸಳಿನ ಮೇಲೆ ನಿಂತಿತು.

ರೊಟ್ಟಿಯ ಸದ್ದು ಥಟ್ಟನೆ ನಿಂತಿತು. ಕಿಟಕಿಯಲ್ಲಿ ಗುರುದೇವಿಯ ಮುಖ ಒಂದು ಕ್ಷಣ ಕಂಡು ಮರೆಯಾಯಿತು. ಒಳಗೆ ಅವಳು ಹಿಟ್ಟಿನ ಹೊಸ ಮುದ್ದೆ ಎತ್ತಿಕೊಂಡು, ಕಲ್ಲಿನ ಇನ್ನೊಂದು ತುದಿಗೆ ಹೋಗಿ ನಿಂತಳು. ಎಷ್ಟೋ ವರ್ಷಗಳಿಂದ ಕೆಳಗಿನ ಮನೆಯವರಿಗೆ ಹೆದರಿ ಹಿಡಿದಿಟ್ಟುಕೊಂಡಿದ್ದ ಕೈಯನ್ನು ಬಿಚ್ಚಿ, ಹುನಗುಂದದ ಹೆಣ್ಣುಮಕ್ಕಳು ಬಡಿಯುವಂತೆ ಬಡಿದಳು. ಒಂದು ರೊಟ್ಟಿಗೆ ಅಷ್ಟು ಏಟಿನ ಅಗತ್ಯವಿರಲಿಲ್ಲ. ಅವಳಿಗಿತ್ತು.

ಬಲಗಡೆಯ ಹೂ ಜಿಗಿದು ಬಿತ್ತು. ಅದರ ಹಿಂದೆ ಕುಂಕುಮದ ಭರಣಿ, ಊದುಬತ್ತಿಯ ಸ್ಟ್ಯಾಂಡು, ಎರಡು ನಿಂಬೆಹಣ್ಣು ಕೂಡ ಬಿದ್ದವು. ಇಷ್ಟು ಸ್ಪಷ್ಟವಾದ ಅಪ್ಪಣೆಯನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ನೀಲಮ್ಮ ಹೂವನ್ನು ಕಣ್ಣಿಗೊತ್ತಿಕೊಂಡರು. ದುಃಖಿಸುತ್ತಾರೇನೋ ಎಂದುಕೊಂಡರೆ, "ಹದಿನೈದು ಪರ್ಸೆಂಟ್ ಇಲ್ಲಿರಲಿ," ಎಂದು ಮೂಗೊರೆಸಿಕೊಂಡು ನಕ್ಕರು. "ಉಳಿದಿದ್ದು ಮಲ್ಲತ್ತಹಳ್ಳಿಗೂ ಬರುತ್ತೆ. ಇವರು ಬೀಡಿ ಬಿಟ್ರೆ." ಉಗ್ರಪ್ಪ ಅಲ್ಲೇ ಪ್ರಮಾಣ ಮಾಡಿದರು.

ಸಿದ್ಧಾರ್ಥ ಮಾತ್ರ ಕಲ್ಲನ್ನು ನೋಡಿದ, ಗೋಡೆಯನ್ನು ನೋಡಿದ, ಕಿಟಕಿಯನ್ನು ನೋಡಿದ. ಮೆಣಸು ಕುಟ್ಟುವ ಮಾತು ಅವನಿಗೂ ನೆನಪಿತ್ತು. ಏನೋ ಹೇಳಲು ಬಾಯಿ ತೆರೆದ. ಗುರುದೇವಿ ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಾಕಿ ಅವನ ಕೈಗಿಟ್ಟಳು. ಮೊದಲ ತುತ್ತು ಇಳಿಯುವಷ್ಟರಲ್ಲಿ ವಿಜ್ಞಾನಕ್ಕೆ ಹೇಳುವುದು ಏನೂ ಉಳಿದಿರಲಿಲ್ಲ.

ಶೆಡ್ಡು ಹೋಯಿತು. ಸ್ಕೂಟರನ್ನು ಮಲ್ಲತ್ತಹಳ್ಳಿಗೆ ಗೌರವದಿಂದ ಸಾಗಿಸಿದರು. ಹಿತ್ತಲಿಗೆ ಮೂವತ್ತು ವರ್ಷಗಳ ಮೇಲೆ ಬಿಸಿಲು ಬಿತ್ತು. ಸಾಲ ಮಂಜೂರಾಗಿ, ಶಿವಯೋಗಿಯ ಸಂಸಾರ ಹಾಲುಕ್ಕಿಸಿ ಒಳಗೆ ಬಂದ ಮೇಲೆ, ಬ್ಯಾಂಕಿನ ಕೊನೆಯ ತನಿಖೆಗೆಂದು ಸಿದ್ಧಾರ್ಥ ಮತ್ತೊಮ್ಮೆ ಬಂದ. ಅಳತೆಯ ಯಂತ್ರ ಹಿಡಿದು ಹಿತ್ತಲು ಸುತ್ತಿ ಬಂದು, ಜಗುಲಿಯಲ್ಲಿ ಕೂತಿದ್ದ ಹಾಲವ್ವನಿಗೆ ಕೇಳಲೆಂದು ಗಟ್ಟಿಯಾಗಿ ಹೇಳಿದ.

"ಡೀವಿಯೇಷನ್ ಇಲ್ಲಮ್ಮ."

"ಹೌದ್ ತಮ್ಮಾ," ಎಂದಳು ಹಾಲವ್ವ. "ಇಲ್ಲೇ ಅದಾಳ."

"ಇಲ್ಲೇ ಅಲ್ಲಮ್ಮ, ಇಲ್ಲ. ಎಲ್ಲೂ ಇಲ್ಲ."

"ನಿನ್ನ ಮಿಷನ್ನಿಗೆ ಸಿಗಾಕಿಲ್ಲ ಬಿಡು. ಅಡಗಿಮನ್ಯಾಗ ಅದಾಳ. ಕೇಳಸೂದಿಲ್ಲೇನು, ರೊಟ್ಟಿ ಬಡ್ಯಾಕತ್ತಾಳ."

ಒಳಗೆ ಪಟಪಟ ಸದ್ದು ನಿಂತಿತು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಬಾಯಲ್ಲಿ ಗುರವ್ವ ಆಗಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅತ್ತಿ, ನಿಮಗ ಗೊತ್ತಿತ್ತೇನು?"

"ಕಿವಿ ಮಂದ ಅಂತ ನೀವ ಹೇಳೂದು," ಎಂದಳು ಹಾಲವ್ವ, ಎಲೆಯಡಿಕೆ ಚೀಲ ಬಿಚ್ಚುತ್ತ. "ಕೈ ಮಂದ ಅಂತ ಯಾರರ ಅಂದಾರೇನು? ಆವತ್ತು ಕಲ್ಲಿನ ಮ್ಯಾಲ ಕೈ ಇಟ್ಕೊಂಡ ಕುಂತಿದ್ದೆ. ಅಂಗೈ ಜುಮ್ಮಂತ ಆತು. ಇಂಥಾ ಕೈ ಇದ್ದಾಕಿಗೆ ಮನಿ ಬಿಟ್ಟು ಕೊಡಲಿಲ್ಲಂದ್ರ ಯಾರಿಗಿ ಕೊಡತಾಳ ದೇವಿ?" ಆಮೇಲೆ ಮಗನ ಕಡೆ ತಿರುಗಿದಳು. "ತಿಳೀತೇನೋ ಶಿವ್ಯಾ?"

ಶಿವಯೋಗಿ ಕಣ್ಣು ಮುಚ್ಚಿ ಮೂರು ಸಲ ತಲೆಯಾಡಿಸಿದ.